ಊರಲ್ಲಿ ಬಂಧುಗಳು, ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಪತ್ರದಲ್ಲಿ, ಫೋನಿನಲ್ಲಿ, ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಕೇಳಿದ ಪ್ರಶ್ನೆಗಳಿವು. ಹೆಚ್ಚುಕಡಿಮೆ ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನಲ್ಲ. ಈಗಾಗಲೇ ನೋಟಿಸ್ ಕೈಗೆ ಬಂದಿದ್ದರೆ ಮೊದಲು ವಕೀಲರನ್ನು ನೋಡಿ, ಇದನ್ನು ಆಮೇಲೆ ಓದಿ.

## ಶುರುವಿನಲ್ಲಿ ಕೇಳುವವು

ಸೆಕ್ಯುರಿಟಿ ಕ್ಲಿಯರೆನ್ಸ್ ಅಂದ್ರೆ ಏನು? ನಮ್ಮ ಪಾಸ್‌ಪೋರ್ಟ್‌ಗೆ ಬರೋ ಪೊಲೀಸ್ ವೆರಿಫಿಕೇಶನ್ ಥರಾನಾ?

ಅಲ್ಲ. ಪೊಲೀಸ್ ವೆರಿಫಿಕೇಶನ್‌ನಲ್ಲಿ ನಿಮ್ಮ ಮೇಲೆ ಕೇಸ್ ಇದೆಯಾ, ಹೇಳಿದ ವಿಳಾಸದಲ್ಲಿ ಇದ್ದೀರಾ ಅಂತ ನೋಡುತ್ತಾರೆ. ಇಲ್ಲಿ ನೋಡುವುದು ಬೇರೆ: ಸರ್ಕಾರದ ಗುಟ್ಟಿನ ಮಾಹಿತಿಯನ್ನು ನಿಮ್ಮನ್ನು ನಂಬಿ ಕೊಡಬಹುದಾ, ನಾಳೆ ಯಾರಾದರೂ ನಿಮ್ಮ ಮೇಲೆ ಒತ್ತಡ ಹಾಕಲು ದಾರಿ ಇದೆಯಾ ಅಂತ. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಹಂತಗಳಿವೆ. ಎಸ್‌ಎಫ್-86 ಎಂಬ ಫಾರಂ ತುಂಬಬೇಕು. ಅದು ನೂರು ಪುಟ ದಾಟುತ್ತದೆ. ಈಗ ಇದನ್ನು ಇ-ಆಪ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬುತ್ತಾರೆ. 2019ರಿಂದ ಹೆಚ್ಚಿನ ತನಿಖೆಗಳನ್ನು ರಕ್ಷಣಾ ಇಲಾಖೆಯ ಡಿಸಿಎಸ್‌ಎ ಸಂಸ್ಥೆ ನಡೆಸುತ್ತಿದೆ.

ತೀರ್ಮಾನಕ್ಕೆ ಬಳಸುವುದು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳನ್ನು. ಎ ಇಂದ ಎಂ ತನಕ ಅವಕ್ಕೆ ಅಕ್ಷರಗಳಿವೆ. ನಮಗೆ ಇಲ್ಲಿ ಬೇಕಾದವು ಎರಡೇ. ವಿದೇಶಿ ಪ್ರಭಾವದ ಬಗ್ಗೆ ಇರುವ ಗೈಡ್‌ಲೈನ್ ಬಿ, ಮತ್ತು ನಡತೆ-ಪ್ರಾಮಾಣಿಕತೆಯ ಬಗ್ಗೆ ಇರುವ ಗೈಡ್‌ಲೈನ್ ಇ. ನಮ್ಮವರು ಹೆದರುವುದು ಬಿ ಗೆ. ಎಡವಿ ಬೀಳುವುದು ಮಾತ್ರ ಇ ಯಲ್ಲಿ.

ನನ್ನ ಹತ್ರ ಗ್ರೀನ್ ಕಾರ್ಡ್ ಇದೆ. ನಾನೇ ಅರ್ಜಿ ಹಾಕಿ ಕ್ಲಿಯರೆನ್ಸ್ ಮಾಡಿಸಿಟ್ಕೊಬಹುದಾ?

ಎರಡೂ ಆಗಲ್ಲ. ಕ್ಲಿಯರೆನ್ಸ್ ಅಮೆರಿಕದ ಪೌರರಿಗೆ ಮಾತ್ರ. ಪೌರರಲ್ಲದವರಿಗೆ ತೀರಾ ಅಪರೂಪದ ಪರಿಣತಿ ಇದ್ದಾಗ ಸೀಮಿತ ಪ್ರವೇಶ ಕೊಡುವುದುಂಟು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಪೌರರಾದ ಮೇಲೂ ನೀವಾಗಿ ಅರ್ಜಿ ಹಾಕಲು ಬರುವುದಿಲ್ಲ. ಆ ಕೆಲಸ ಕೊಡುವ ಕಂಪನಿ ಅಥವಾ ಸರ್ಕಾರಿ ಇಲಾಖೆಯೇ ನಿಮ್ಮನ್ನು ಮುಂದಿಡಬೇಕು. ಅದಕ್ಕೆ ನೀವು ದುಡ್ಡು ಕಟ್ಟುವ ಪ್ರಶ್ನೆಯೇ ಇಲ್ಲ. ‘ಇಷ್ಟು ಕೊಡಿ, ಕ್ಲಿಯರೆನ್ಸ್ ಮಾಡಿಸಿಕೊಡ್ತೀವಿ’ ಎಂದು ಯಾರಾದರೂ ಅಂದರೆ ಅದು ಮೋಸ.

ಇನ್ನೊಂದು ಗೊಂದಲ ‘ಪಬ್ಲಿಕ್ ಟ್ರಸ್ಟ್’ ಬಗ್ಗೆ. ಸರ್ಕಾರಿ ಐಟಿ ಪ್ರಾಜೆಕ್ಟ್‌ಗಳಲ್ಲಿ ಬಹಳ ಜನಕ್ಕೆ ಬೇಕಾಗುವುದು ಇದು. ಇದರ ಫಾರಂ ಬೇರೆ, ಎಸ್‌ಎಫ್-85ಪಿ. ಇದಕ್ಕೂ ತನಿಖೆ ಇದೆ, ಆದರೆ ಇದು ಕ್ಲಿಯರೆನ್ಸ್ ಅಲ್ಲ.

ಅಪ್ಪ-ಅಮ್ಮ ಮೈಸೂರಲ್ಲಿದ್ದಾರೆ. ಅಷ್ಟಕ್ಕೇ ರಿಜೆಕ್ಟ್ ಮಾಡ್ತಾರಾ?

ಅಷ್ಟಕ್ಕೇ ಮಾಡುವುದಿಲ್ಲ. ಗೈಡ್‌ಲೈನ್ ಬಿ ಹೇಳುವುದು ಇಷ್ಟು: ವಿದೇಶದಲ್ಲಿರುವ ಬಂಧುವಿನಿಂದಾಗಿ ಶೋಷಣೆ, ಒತ್ತಡ, ಬಲವಂತದ ಅಪಾಯ ಮಾಮೂಲಿಗಿಂತ ಹೆಚ್ಚಾಗುತ್ತದೆಯೇ ನೋಡಬೇಕು. ಬಂಧು ಯಾರು, ಏನು ಕೆಲಸ, ಯಾವ ದೇಶ, ಆ ದೇಶ ಅಮೆರಿಕದ ಮೇಲೆ ಗೂಢಚಾರಿಕೆ ಮಾಡುತ್ತದೆಯೇ, ನಿಮಗೂ ಅವರಿಗೂ ಎಷ್ಟು ಒಡನಾಟ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಅಮೆರಿಕದಲ್ಲಿ ನಿಮ್ಮ ಬೇರು ಎಷ್ಟು ಆಳ ಅಂತಲೂ ನೋಡುತ್ತಾರೆ. ಹೆಂಡತಿ, ಮಕ್ಕಳು, ಮನೆ, ಕೆಲಸ, ಇಷ್ಟು ವರ್ಷದ ಬದುಕು ಇಲ್ಲೇ ಇದ್ದರೆ ಅದು ನಿಮ್ಮ ಪರವಾಗಿ ನಿಲ್ಲುತ್ತದೆ.

ಒಂದು ಮಾತು ನೆನಪಿಡಿ. ‘ನನಗೂ ಅಮ್ಮನಿಗೂ ಅಷ್ಟೇನೂ ಸಂಪರ್ಕ ಇಲ್ಲ’ ಎಂದು ತೋರಿಸಿಕೊಳ್ಳಲು ಹೋಗಬೇಡಿ. ದಿನಾ ಸಂಜೆ ವಿಡಿಯೋ ಕಾಲ್ ಮಾಡುವ ಮಗ ಹಾಗೆ ಬರೆದರೆ ಅದೇ ಸಮಸ್ಯೆ. ಅಮ್ಮನ ಮೇಲೆ ಪ್ರೀತಿ ಇರುವುದು ತಪ್ಪು ಎಂದು ಆ ನಿಯಮದಲ್ಲಿ ಎಲ್ಲೂ ಬರೆದಿಲ್ಲ.

ಭಾರತ ಅಮೆರಿಕದ ಸ್ನೇಹಿತ ದೇಶ ತಾನೇ? ಆಮೇಲೂ ಯಾಕೆ ಇಷ್ಟೆಲ್ಲ ವಿಚಾರಣೆ?

ಸ್ನೇಹಿತ ದೇಶ ಅನ್ನುವುದು ನಿಮಗೆ ಖಂಡಿತ ಸಹಾಯ ಮಾಡುತ್ತದೆ. 2002, 2018 ಮತ್ತು 2020ರಲ್ಲಿ ಎರಡೂ ದೇಶಗಳು ರಕ್ಷಣಾ ಮಾಹಿತಿ, ಸಂಪರ್ಕ ವ್ಯವಸ್ಥೆ, ನಕ್ಷೆಗಳ ಬಗ್ಗೆ ಒಪ್ಪಂದ ಮಾಡಿಕೊಂಡಿವೆ. ಆದರೆ ಸ್ನೇಹಿತರೂ ಗುಟ್ಟು ಕದಿಯುತ್ತಾರೆ. ಜೋನಥನ್ ಪೊಲಾರ್ಡ್ ಅಮೆರಿಕದ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದವನು. ಅವನು ಕಾಗದಪತ್ರ ದಾಟಿಸಿದ್ದು ಇಸ್ರೇಲ್‌ಗೆ. 1985ರಲ್ಲಿ ಸಿಕ್ಕಿಬಿದ್ದ, 30 ವರ್ಷ ಜೈಲಿನಲ್ಲಿದ್ದು 2015ರಲ್ಲಿ ಹೊರಗೆ ಬಂದ.

ಹಾಗಾಗಿ ಭಾರತದ ಪ್ರಕರಣಗಳಲ್ಲೂ ಸರ್ಕಾರಿ ವಕೀಲರು ಭಯೋತ್ಪಾದನೆ, ಆರ್ಥಿಕ ಗೂಢಚಾರಿಕೆಯ ಮಾತು ಎತ್ತುತ್ತಾರೆ. ಚೀನಾ, ಇರಾನ್, ರಷ್ಯಾದಲ್ಲಿ ಬಂಧುಗಳಿರುವವರಿಗೆ ಹೋಲಿಸಿದರೆ ನಮ್ಮ ಹಾದಿ ಸುಲಭ. ಆದರೆ ವಿವರಣೆ ಕೊಡುವ ಭಾರ ಮಾತ್ರ ನಮ್ಮ ಮೇಲೇ.

## ಫಾರಂ ತುಂಬಲು ಕೂತಾಗ

ಯಾರ್ಯಾರ ಹೆಸರು ಬರೀಬೇಕು ಸರ್? ನಮ್ಮದು ದೊಡ್ಡ ಕುಟುಂಬ, ದೊಡ್ಡಪ್ಪಂದಿರೇ ಐದು ಜನ!

ದೊಡ್ಡಪ್ಪಂದಿರ ಚಿಂತೆ ಸ್ವಲ್ಪ ಹೊತ್ತು ಬಿಡಿ. 18ನೇ ವಿಭಾಗದಲ್ಲಿ ಕೇಳುವುದು ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಮಾವ, ಅತ್ತೆ. ಮಲತಂದೆ, ಮಲತಾಯಿ, ಮಲಸಹೋದರರು, ಪೋಷಕರು ಇದ್ದರೆ ಅವರೂ ಸೇರುತ್ತಾರೆ. ಇಲ್ಲಿ ಮಾವ-ಅತ್ತೆ ಅಂದರೆ ಗಂಡನ ಅಥವಾ ಹೆಂಡತಿಯ ತಂದೆ-ತಾಯಿ ಮಾತ್ರ. ತೀರಿಕೊಂಡವರನ್ನೂ ಬರೆಯಬೇಕು. ಗಂಡ-ಹೆಂಡತಿಯ ವಿವರ 17ನೇ ವಿಭಾಗದಲ್ಲಿ. ವಿಚ್ಛೇದನ ಆಗಿದ್ದರೆ ಹಳೆಯ ಸಂಗಾತಿಯ ಹೆಸರೂ ಅಲ್ಲೇ ಬರುತ್ತದೆ.

ದೊಡ್ಡಪ್ಪ, ಸೋದರಮಾವ, ಭಾವ, ನಾದಿನಿ, ಚಿಕ್ಕಮ್ಮನ ಮಗ ಇವರೆಲ್ಲ 18ರಲ್ಲಿ ಇಲ್ಲ. ಹಾಗಂತ ತಪ್ಪಿಸಿಕೊಂಡರು ಅಂದುಕೊಳ್ಳಬೇಡಿ. ಅವರು ಅಮೆರಿಕದ ಪೌರರಲ್ಲದೆ, ಕಳೆದ 7 ವರ್ಷದಲ್ಲಿ ನಿಮಗೆ ಅಥವಾ ನಿಮ್ಮ ಸಂಗಾತಿಗೆ ಆಪ್ತ ಒಡನಾಟ ಇದ್ದರೆ 19ನೇ ವಿಭಾಗದಲ್ಲಿ ಬರೆಯಬೇಕು. ಮದುವೆ ಮನೆಯಲ್ಲಿ ಕೈಮುಗಿದು ‘ಊಟ ಆಯ್ತಾ’ ಎಂದು ಕೇಳಿ ಹೋಗುವ ದೂರದ ನೆಂಟರು ಬೇಡ. ಹಬ್ಬಕ್ಕೆ ತಪ್ಪದೆ ಫೋನ್ ಮಾಡುವ, ಕಷ್ಟ ಬಂದಾಗ ನೀವು ಓಡಿ ಹೋಗುವ ಅಕ್ಕನ ಗಂಡ ಬೇಕು. ಅನುಮಾನ ಬಂದರೆ ಬರೆದುಬಿಡಿ. ಹೆಸರು ಜಾಸ್ತಿ ಆಯ್ತು ಎಂದು ಯಾರನ್ನೂ ತಿರಸ್ಕರಿಸುವುದಿಲ್ಲ.

ಅಮ್ಮನ ನಿಜವಾದ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಹೆಸರೂ ಒಂದೊಂದು ಕಡೆ ಒಂದೊಂದು ಥರ ಇದೆ. ಸುಳ್ಳು ಹೇಳಿದ ಹಾಗಾಗುತ್ತಾ?

ಆಗುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕೇ ಜನ್ಮದಿನವಾಗಿರುವ ಹಿರಿಯರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಫಾರಂನಲ್ಲಿ ತಾರೀಕಿನ ಪಕ್ಕ ‘ಅಂದಾಜು’ ಎಂದು ಗುರುತು ಹಾಕುವ ಜಾಗವಿದೆ, ಅದನ್ನು ಬಳಸಿ. ಕೊನೆಯಲ್ಲಿ ಷರಾ ಬರೆಯುವ ಜಾಗದಲ್ಲಿ ಒಂದು ಸಾಲು ಬರೆಯಿರಿ: ಆಧಾರ್‌ನಲ್ಲಿ ಈ ತಾರೀಕಿದೆ, ಮನೆಯವರು ಹೇಳುವುದು ಈ ವರ್ಷ.

ನಿಮ್ಮ ಹೆಸರಿನ ವಿಷಯಕ್ಕೆ 5ನೇ ವಿಭಾಗವಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು ಮತ್ತು ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು ಹೀಗೆ ಬಳಸಿದ ಎಲ್ಲ ರೂಪಗಳನ್ನೂ ಅಲ್ಲಿ ಕೊಡಿ.

ಅಣ್ಣ ಎಚ್‌ಎಎಲ್‌ನಲ್ಲಿ ಇಂಜಿನಿಯರ್, ತಂಗಿ ಸರ್ಕಾರಿ ಶಾಲೆ ಟೀಚರ್. ಇಬ್ಬರನ್ನೂ ‘ಪ್ರೈವೇಟ್ ಜಾಬ್’ ಅಂತ ಬರೆದ್ರೆ ಮುಗೀತಲ್ವಾ?

ದಯವಿಟ್ಟು ಬೇಡ. ಪ್ರತಿ ವಿದೇಶಿ ಬಂಧುವಿಗೂ ಅವರ ಉದ್ಯೋಗದಾತ ಯಾರು, ಆ ಬಂಧುವಿಗೆ ಅಲ್ಲಿನ ಸರ್ಕಾರ, ಸೇನೆ, ಭದ್ರತೆ, ರಕ್ಷಣಾ ಉದ್ಯಮ ಅಥವಾ ಗುಪ್ತಚರ ಸಂಸ್ಥೆಯ ನಂಟಿದೆಯೇ ಎಂದು ಫಾರಂ ನೇರವಾಗಿ ಕೇಳುತ್ತದೆ. ಬೆಂಗಳೂರಿನ ಮನೆಗಳಿಗೆ ಈ ಪ್ರಶ್ನೆ ಸ್ವಲ್ಪ ಬಿಸಿ ಮುಟ್ಟಿಸುತ್ತದೆ. ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಪ್ರಯೋಗಾಲಯಗಳು ಅಲ್ಲೇ ಇವೆ. ಅಲ್ಲಿ ಕೆಲಸ ಮಾಡುವವರಿಲ್ಲದ ಬೀದಿ ಹುಡುಕುವುದೇ ಕಷ್ಟ.

ತಂಗಿ ಸರ್ಕಾರಿ ಶಾಲೆ ಟೀಚರ್ ಅಂದರೆ ವಿದೇಶಿ ಸರ್ಕಾರದ ನೌಕರಳು. ಕೆಎಸ್‌ಆರ್‌ಟಿಸಿ, ಬೆಸ್ಕಾಂ, ತಾಲೂಕು ಕಚೇರಿ ಎಲ್ಲವನ್ನೂ ಹಾಗೇ ಬರೆಯಬೇಕು. ಆದರೆ ಇವರಿಗೆಲ್ಲ ಒಂದೇ ತೂಕ ಇರಲ್ಲ. ಮೂರನೇ ತರಗತಿಗೆ ಮಗ್ಗಿ ಹೇಳಿಕೊಡುವವರ ಬಗ್ಗೆ ತನಿಖಾಧಿಕಾರಿ ಒಂದು ನಿಮಿಷ ಮಾತಾಡುತ್ತಾರೆ. ಅಣ್ಣ ಯುದ್ಧವಿಮಾನದ ವಿಭಾಗದಲ್ಲಿದ್ದು, ನೀವೂ ಇಲ್ಲಿ ವಿಮಾನದ ಕೆಲಸಕ್ಕೇ ಸೇರುತ್ತಿದ್ದರೆ ಮಾತು ಉದ್ದವಾಗುತ್ತದೆ. ಆಗ ಬೇಕಾಗುವ ಉತ್ತರ: ಇಬ್ಬರೂ ಕೆಲಸದ ವಿಷಯ ಮಾತಾಡುವುದಿಲ್ಲ, ನನ್ನ ಪ್ರಾಜೆಕ್ಟ್ ಏನೆಂದು ಅವನಿಗೆ ಗೊತ್ತಿಲ್ಲ. ಅದು ನಿಜವೂ ಆಗಿರಬೇಕು.

ಕೊಡಗಿನ ಮನೆತನದವರಿಗೆ ಸೇನೆಯ ಪ್ರಶ್ನೆ ಬಂದೇ ಬರುತ್ತದೆ. ಅಪ್ಪ ನಿವೃತ್ತ ಕರ್ನಲ್, ಪಿಂಚಣಿ ಬರುತ್ತಿದೆ ಅಂದರೆ ರೆಜಿಮೆಂಟ್, ನಿವೃತ್ತಿಯಾದ ವರ್ಷ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ತನಿಖಾಧಿಕಾರಿಯ ಸಂದರ್ಶನದಲ್ಲಿ ತಡವರಿಸುವುದು ತಪ್ಪುತ್ತದೆ.

ಓಸಿಐ ಕಾರ್ಡ್ ಇದೆ. ಡ್ಯುಯಲ್ ಸಿಟಿಜನ್ ಅಂತ ಟಿಕ್ ಮಾಡಬೇಕಾ? ಹಳೇ ಇಂಡಿಯನ್ ಪಾಸ್‌ಪೋರ್ಟ್ ಕಥೆ ಏನು?

ಓಸಿಐ, ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡ್, ಪೌರತ್ವ ಅಲ್ಲ. ಹೆಸರಲ್ಲಿ ‘ಸಿಟಿಜನ್’ ಇದ್ದರೂ ಅದು ದೀರ್ಘಾವಧಿ ವೀಸಾ ಇದ್ದ ಹಾಗೆ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೀವು ಅಮೆರಿಕದ ಪೌರರಾದ ಕ್ಷಣವೇ ಭಾರತದ ಪೌರತ್ವ ಹೋಯಿತು. ಆದರೂ ಕಾರ್ಡ್ ಇರುವುದನ್ನು ಮುಚ್ಚಿಡಬೇಡಿ. ಷರಾದಲ್ಲಿ ಬರೆದು, ಎಲ್ಲಿ ನಮೂದಿಸಬೇಕೆಂದು ನಿಮ್ಮ ಕಂಪನಿಯ ಸೆಕ್ಯುರಿಟಿ ಆಫೀಸರ್ ಅನ್ನು ಕೇಳಿ.

ಪಾಸ್‌ಪೋರ್ಟ್ ಬಗ್ಗೆ 10ನೇ ವಿಭಾಗ ಕೇಳುವುದು ‘ಎಂದಾದರೂ ಬೇರೆ ದೇಶದ ಪಾಸ್‌ಪೋರ್ಟ್ ಇತ್ತೇ’ ಎಂದು. ಇತ್ತು, ಅದರಲ್ಲೇ ತಾನೇ ನೀವು ಇಲ್ಲಿಗೆ ಬಂದಿದ್ದು! ರದ್ದಾಗಿದ್ದರೂ ಬರೆಯಿರಿ. ಪೌರತ್ವ ಬಂದ ಮೇಲೆ ಅದನ್ನು ಕಾನ್ಸುಲೇಟ್‌ಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಭಾರತದ ಕಾನೂನು. ಬೀರುವಿನಲ್ಲಿ ಹಾಗೇ ಇದ್ದರೆ ಮೊದಲು ಆ ಕೆಲಸ ಮುಗಿಸಿ. ಪೌರರಾಗುವ ಮುಂಚೆ ಊರಲ್ಲಿ ಮತ ಹಾಕಿದ್ದರೆ ಅದಕ್ಕೂ ಪ್ರತ್ಯೇಕ ಪ್ರಶ್ನೆ ಇದೆ. ‘ಹೌದು, ಆಗ ಭಾರತದ ಪೌರನಾಗಿದ್ದೆ’ ಅಂದರೆ ಸಾಕು.

ಎಸ್‌ಬಿಐನಲ್ಲಿ ಅನಿವಾಸಿಗಳ ಎನ್‌ಆರ್‌ಒ ಅಕೌಂಟ್ ಇದೆ, ಊರಲ್ಲಿ ಸ್ವಲ್ಪ ಜಮೀನಿದೆ. ಅದೇನು ಕೋಟಿ ಬಾಳೋದಲ್ಲ. ಬಿಟ್ಟುಬಿಡಬಹುದಲ್ವಾ?

ಬಿಡುವಂತಿಲ್ಲ. 20ಎ ವಿಭಾಗದಲ್ಲಿ ‘ಇಷ್ಟು ಡಾಲರ್‌ಗಿಂತ ಜಾಸ್ತಿ ಇದ್ದರೆ’ ಎಂಬ ಮಿತಿ ಇಲ್ಲ. ನಿಮ್ಮ, ಸಂಗಾತಿಯ, ಅವಲಂಬಿತ ಮಕ್ಕಳ ಹೆಸರಲ್ಲಿ ಎಂದಾದರೂ ಇದ್ದ ಬ್ಯಾಂಕ್ ಖಾತೆ, ಷೇರು, ಹೂಡಿಕೆ, ಆಸ್ತಿ ಎಲ್ಲ ಬರಬೇಕು. ಕಾಲೇಜಿನಲ್ಲಿ ಸ್ಕಾಲರ್‌ಶಿಪ್‌ಗೆ ತೆಗೆದು ಮರೆತ ಖಾತೆ, ಪಿಪಿಎಫ್, ಹಳೇ ಕಂಪನಿಯ ಪಿಎಫ್, ಅಪ್ಪ ಮಾಡಿಸಿದ ಎಲ್‌ಐಸಿ ಪಾಲಿಸಿ ಇವೆಲ್ಲ ತಲೆಗೆ ಬರುವುದೇ ಇಲ್ಲ. ಒಂದು ಭಾನುವಾರ ಕೂತು ಪಟ್ಟಿ ಮಾಡಿ.

ಜಮೀನಿನದು ಇನ್ನೂ ಗಂಟು. ಅಪ್ಪ ತೀರಿಕೊಂಡ ಮೇಲೆ ತಮ್ಮ ಪೌತಿ ಖಾತೆ ಮಾಡಿಸಿರುತ್ತಾನೆ. ಪಹಣಿಯಲ್ಲಿ ಜಂಟಿಯಾಗಿ ನಿಮ್ಮ ಹೆಸರೂ ಸೇರಿರುತ್ತದೆ, ನಿಮಗೇ ಗೊತ್ತಿರುವುದಿಲ್ಲ. ಭೂಮಿ ಆನ್‌ಲೈನ್‌ನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ತೆಗೆದು ನೋಡಿ. ಹೆಣ್ಣುಮಕ್ಕಳಂತೂ ‘ನನಗೆ ಊರಲ್ಲಿ ಏನೂ ಇಲ್ಲ, ಎಲ್ಲ ಅಣ್ಣಂದಿರದು’ ಎಂದು ಬರೆಯುವ ಮುಂಚೆ ನಿಲ್ಲಿ. ಹಿಂದೂ ಕುಟುಂಬದ ಇನ್ನೂ ಪಾಲಾಗದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಇದನ್ನು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತ ಮಾಡಿತು. ಮುಂದೆ ಆಸ್ತಿ ಬರುವ ನಿರೀಕ್ಷೆ ಇದೆಯೇ ಅಂತಲೂ ಫಾರಂ ಕೇಳುತ್ತದೆ. ಪಾಲು ಬೇಕಿಲ್ಲದಿದ್ದರೂ, ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವ ತನಕ ಅದು ಇದೆ ಎಂದೇ ಬರೆಯುವುದು ಕ್ಷೇಮ.

ಮೌಲ್ಯ ಕೊಡುವಾಗ ಅಂದಾಜು ಹಾಕಿ, ಪಕ್ಕದಲ್ಲೇ ಇಲ್ಲಿನ ಲೆಕ್ಕವೂ ಕಾಣಲಿ. ಇಲ್ಲಿ ಮನೆ, 401ಕೆ ಎಂಬ ನಿವೃತ್ತಿ ಖಾತೆ, ಉಳಿತಾಯ ಸೇರಿ ಇರುವುದರ ಮುಂದೆ ಊರಿನ ಒಂದೂವರೆ ಎಕರೆ ಸಣ್ಣದಾಗಿ ಕಂಡರೆ, ಅದಕ್ಕಾಗಿ ನೀವು ಒತ್ತಡಕ್ಕೆ ಬಗ್ಗುವುದಿಲ್ಲ ಎಂದು ನಿಯಮವೇ ಒಪ್ಪುತ್ತದೆ.

ಕೊನೆಯದಾಗಿ ತೆರಿಗೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಎನ್‌ಆರ್‌ಒ ಬಡ್ಡಿಯನ್ನು ಇಲ್ಲಿಯ ರಿಟರ್ನ್‌ನಲ್ಲೂ ತೋರಿಸಬೇಕು. ಇಷ್ಟು ವರ್ಷ ಮಾಡಿಲ್ಲವಾದರೆ ಫಾರಂ ಕಳಿಸುವ ಮುಂಚೆ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ಸರಿಪಡಿಸಿಕೊಳ್ಳಿ.

ತಿಂಗಳಾ ತಿಂಗಳಾ ಅಮ್ಮನಿಗೆ ದುಡ್ಡು ಕಳಿಸ್ತೀನಿ. ಅದನ್ನೂ ಹೇಳಬೇಕಾ?

ಹೇಳಬೇಕು. ವಿದೇಶಿ ಪ್ರಜೆಗೆ ಹಣದ ನೆರವು ಕೊಡುತ್ತೀರಾ ಎಂಬ ನೇರ ಪ್ರಶ್ನೆ ಇದೆ. ಔಷಧಿ, ಮನೆ ಖರ್ಚು ಎಂದು ಬರೆಯಿರಿ. ತಾಯಿಯನ್ನು ನೋಡಿಕೊಳ್ಳುವ ಮಗನನ್ನು ಯಾರೂ ಕೆಟ್ಟವನೆಂದು ನೋಡುವುದಿಲ್ಲ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ನೂರು ಜನ ಇದ್ದಾರೆ. ಕನ್ನಡ ಕೂಟದ ಗೆಳೆಯರು ಎಚ್-1ಬಿ ವೀಸಾದಲ್ಲಿದ್ದಾರೆ. ಇವರೆಲ್ಲ ವಿದೇಶಿ ಸಂಪರ್ಕನಾ?

ಗ್ರೂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವವರೆಲ್ಲ ಆಪ್ತರಾಗುವುದಿಲ್ಲ. ಪ್ರೀತಿ, ಪ್ರಭಾವ, ಸಮಾನ ಆಸಕ್ತಿ, ಋಣ ಇವುಗಳಿಂದ ಕಟ್ಟಿಕೊಂಡ ಸಂಬಂಧವಾದರೆ ಮಾತ್ರ 19ನೇ ವಿಭಾಗ. ಆದರೆ ನಮ್ಮವರು ತಪ್ಪು ತಿಳಿಯುವುದು ಎರಡನೇ ಭಾಗವನ್ನು. ವಿದೇಶಿ ಪ್ರಜೆ ಅಂದರೆ ವಿದೇಶದಲ್ಲಿ ಇರುವವರು ಎಂದಲ್ಲ, ಅಮೆರಿಕದ ಪೌರರಲ್ಲದವರು ಎಂದು. ವಾರಕ್ಕೊಮ್ಮೆ ನಿಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ಹೋಗುವ, ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವ ಆಪ್ತ ಗೆಳೆಯ ಪಕ್ಕದ ಬೀದಿಯಲ್ಲೇ ಇದ್ದರೂ ಈ ಲೆಕ್ಕಕ್ಕೆ ಬರುತ್ತಾನೆ.

## ಮುಚ್ಚಿಡುವ ಮಾತು

ಹೇಳದೇ ಇದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ? ಸುಮ್ನೆ ಯಾಕೆ ಮೈಮೇಲೆ ಎಳ್ಕೋಬೇಕು?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಿಮ್ಮ ವೀಸಾ, ಗ್ರೀನ್ ಕಾರ್ಡ್, ಪೌರತ್ವದ ಅರ್ಜಿಗಳಲ್ಲಿ ಅಪ್ಪ-ಅಮ್ಮ, ಮದುವೆ, ಪ್ರಯಾಣ ಎಲ್ಲ ಆಗಲೇ ಇದೇ ಸರ್ಕಾರಕ್ಕೆ ಬರೆದುಕೊಟ್ಟಿದ್ದೀರಿ. ಗಡಿ ದಾಟಿದ ದಾಖಲೆ ಅವರ ಹತ್ತಿರವೇ ಇದೆ. ತನಿಖಾಧಿಕಾರಿ ನೆರೆಯವರನ್ನು, ಹಳೇ ಸಹೋದ್ಯೋಗಿಗಳನ್ನು ಮಾತಾಡಿಸುತ್ತಾರೆ. ‘ಅವರ ತಮ್ಮ ಇಂಡಿಯಾದಿಂದ ಬಂದಿದ್ದ, ಒಳ್ಳೇ ಹುಡುಗ’ ಎಂದು ಪಕ್ಕದ ಮನೆಯವರು ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. ಸಾರ್ವಜನಿಕವಾಗಿ ಕಾಣುವ ಸೋಷಿಯಲ್ ಮೀಡಿಯಾ ಪೋಸ್ಟ್‌ಗಳನ್ನೂ ನೋಡಲು ಅವಕಾಶವಿದೆ. ಕೆಲವು ಇಲಾಖೆಗಳಲ್ಲಿ ಪಾಲಿಗ್ರಾಫ್ (ಸುಳ್ಳುಪತ್ತೆ ಪರೀಕ್ಷೆ) ಕೂಡ ಇದೆ.

ಸಿಕ್ಕಿಬಿದ್ದರೆ ಏನಾಗುತ್ತದೆ ನೋಡಿ. ಎಚ್‌ಎಎಲ್ ಅಣ್ಣ ಇದ್ದದ್ದು ಗೈಡ್‌ಲೈನ್ ಬಿ ಪ್ರಶ್ನೆ, ಅದಕ್ಕೆ ಉತ್ತರ ಇತ್ತು. ಅವನನ್ನು ಬೇಕೆಂದೇ ಬಿಟ್ಟಿದ್ದು ಗೈಡ್‌ಲೈನ್ ಇ ಪ್ರಶ್ನೆ. ಬಿ ಯಲ್ಲೂ, ಹೇಳಬೇಕಾದ ವಿದೇಶಿ ಸಂಬಂಧವನ್ನು ಹೇಳದಿರುವುದನ್ನೇ ಪ್ರತ್ಯೇಕ ಅನರ್ಹತೆಯ ಕಾರಣವಾಗಿ ಬರೆದಿದ್ದಾರೆ. ಮೊದಲು ಅನುಮಾನ ನಿಮ್ಮ ಅಣ್ಣನ ಸುತ್ತ ಇತ್ತು, ಈಗ ನಿಮ್ಮ ಮೇಲೇ. ಮುಚ್ಚಿಟ್ಟ ವಿಷಯವನ್ನು ತಿಳಿದವರು ನಾಳೆ ಅದನ್ನೇ ಹಿಡಿದು ನಿಮ್ಮನ್ನು ಹೆದರಿಸಬಹುದು ಅನ್ನುವ ತರ್ಕವೂ ಸೇರಿಕೊಳ್ಳುತ್ತದೆ. ಫಾರಂನ ಕೊನೆಯ ಸಹಿ ಬರೀ ಸಹಿಯಲ್ಲ. ಬೇಕೆಂದೇ ಸುಳ್ಳು ಹೇಳಿದರೆ ಫೆಡರಲ್ ಕಾನೂನಿನಲ್ಲಿ 5 ವರ್ಷದ ತನಕ ಜೈಲು ಇದೆ.

ಸೋದರತ್ತೆ ಮಗಳ ಹೆಸರು ಬರೆಯೋಕೆ ಮರೆತೇ ಹೋಯ್ತು. ಸಬ್ಮಿಟ್ ಆಗಿದೆ. ಈಗೇನು ಗತಿ?

ಗಾಬರಿ ಬೇಡ. ಮರೆಯುವುದೇ ಬೇರೆ, ಮರೆಮಾಚುವುದೇ ಬೇರೆ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ತಪ್ಪು ಅನ್ನಿಸಿಕೊಳ್ಳಲು ಅದು ಬೇಕೆಂದೇ ಮಾಡಿದ್ದಾಗಿರಬೇಕು. ಬೇಕೆಂದೇ ಬಿಟ್ಟಿದ್ದರೂ, ಅವರು ಆ ವಿಷಯ ಮುಂದಿಟ್ಟು ಕೇಳುವ ಮುಂಚೆ, ತಡಮಾಡದೆ, ಒಳ್ಳೇ ಮನಸ್ಸಿನಿಂದ ತಿದ್ದಿದರೆ ಅದನ್ನು ನಿಮ್ಮ ಪರವಾಗಿ ಪರಿಗಣಿಸುತ್ತಾರೆ. ಎಲ್ಲ ನಿಂತಿರುವುದು ‘ಮುಂಚೆ’ ಅನ್ನುವುದರ ಮೇಲೆ. ತನಿಖಾಧಿಕಾರಿ ಕಾಗದ ತೋರಿಸಿ ‘ಇವರು ಯಾರು’ ಎಂದ ಮೇಲೆ ‘ಅಯ್ಯೋ, ಈಗ ನೆನಪಾಯ್ತು’ ಅಂದರೆ ಅದಕ್ಕೆ ಆ ಬೆಲೆ ಇರುವುದಿಲ್ಲ.

ಇವತ್ತೇ ಸೆಕ್ಯುರಿಟಿ ಆಫೀಸರ್‌ಗೆ ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಸಂದರ್ಶನ ಶುರುವಾದ ತಕ್ಷಣ ನೀವೇ ಮೊದಲು ಬಾಯಿಬಿಡಿ: ‘ಕಳಿಸಿದ ಮೇಲೆ ಇಂಥವರ ಹೆಸರು ನೆನಪಾಯ್ತು.’

ನಮ್ಮ ಕನ್ಸಲ್ಟೆನ್ಸಿಯವರು ‘ಅದೆಲ್ಲ ಹಾಕಬೇಡಿ, ಲೇಟ್ ಆಗುತ್ತೆ’ ಅಂದ್ರು. ಅವರ ಮಾತು ಕೇಳಿದ್ದಕ್ಕೆ ನಾನು ಹೊಣೆನಾ?

ಹೊಣೆ ನೀವೇ. ವಕೀಲರು ಅಥವಾ ಕ್ಲಿಯರೆನ್ಸ್ ವಿಷಯದಲ್ಲಿ ಸಲಹೆ ಕೊಡುವುದೇ ಕೆಲಸವಾಗಿರುವವರು ತಪ್ಪು ದಾರಿ ತೋರಿಸಿದ್ದರೆ ಅದನ್ನು ಪರಿಗಣಿಸುವ ನಿಯಮವೊಂದಿದೆ. ಆದರೆ ಅಲ್ಲೂ, ಹೇಳಲೇಬೇಕು ಎಂದು ತಿಳಿದ ಕೂಡಲೇ ನೀವು ಪೂರ್ತಿ ಹೇಳಿರಬೇಕು. ನೇಮಕಾತಿ ಮಾಡುವ ಹುಡುಗನ ಫೋನ್ ಮಾತು ಈ ಲೆಕ್ಕಕ್ಕೆ ಬರುವುದು ಕಷ್ಟ. ಅವನಿಗೆ ನೀವು ಬೇಗ ಕೆಲಸಕ್ಕೆ ಸೇರಿದರೆ ಕಮಿಷನ್, ಅಷ್ಟೇ. ‘ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ’ ಎಂದು ಕೇಳಿ ನೋಡಿ. ಬಹುಮಟ್ಟಿಗೆ ಇಮೇಲ್ ಬರುವುದಿಲ್ಲ.

ದೊಡ್ಡವರು ಬಿಟ್ರೆ ಏನೂ ಆಗಲ್ಲ, ನಮಗೆ ಮಾತ್ರ ಯಾಕೆ?

ಜ್ಯಾರೆಡ್ ಕುಶ್ನರ್ ಉದಾಹರಣೆಯನ್ನೇ ಎಲ್ಲರೂ ಕೊಡುತ್ತಾರೆ. 2017ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಈ ಅಳಿಯ ಕೊಟ್ಟ ಮೊದಲ ಫಾರಂನಲ್ಲಿ ವಿದೇಶಿ ಸಂಪರ್ಕಗಳು ಇರಲಿಲ್ಲ. ಸಹಾಯಕರು ಪೂರ್ತಿಯಾಗುವ ಮುಂಚೆ ಕಳಿಸಿಬಿಟ್ಟರು ಎಂದು ಅವರು ಆಮೇಲೆ ಕಾಂಗ್ರೆಸ್‌ಗೆ ಹೇಳಿದರು, ಹೆಸರುಗಳನ್ನು ಸೇರಿಸಿದರು. 2018ರ ಫೆಬ್ರವರಿಯಲ್ಲಿ ಅವರ ತಾತ್ಕಾಲಿಕ ಕ್ಲಿಯರೆನ್ಸ್ ಅನ್ನು ಸೀಕ್ರೆಟ್‌ಗೆ ಇಳಿಸಿದರು, ಮೇ ತಿಂಗಳಲ್ಲಿ ಕಾಯಂ ಕ್ಲಿಯರೆನ್ಸ್ ಬಂತು. ನ್ಯಾಯವಾಗಿ ಕಾಣುತ್ತದಾ? ನನಗಂತೂ ಇಲ್ಲ. ಆದರೆ ನಿಮ್ಮ ಮಾವ ಶ್ವೇತಭವನದಲ್ಲಿ ಇಲ್ಲ. ಆ ವಾದವನ್ನು ಹೋಗಿ ನ್ಯಾಯಾಧೀಶರ ಮುಂದೆ ಇಡಬೇಡಿ.

## ಕ್ಲಿಯರೆನ್ಸ್ ಬಂದ ಮೇಲೆ

ಅಪ್ಪ ಇದ್ದಕ್ಕಿದ್ದಂತೆ ಹೋಗಿಬಿಟ್ರು. ಇವತ್ತು ರಾತ್ರಿನೇ ಫ್ಲೈಟ್ ಹತ್ತಬೇಕು. ಪರ್ಮಿಶನ್‌ಗೆ ಕಾಯಬೇಕಾ?

ಮಾಮೂಲಿ ದಿನಗಳಲ್ಲಾದರೆ ಸ್ವಂತ ಕೆಲಸದ ವಿದೇಶ ಪ್ರಯಾಣಕ್ಕೆ ಮುಂಚೆಯೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ರಕ್ಷಣಾ ಇಲಾಖೆಗೆ ಕೆಲಸ ಮಾಡಿಕೊಡುವ ಖಾಸಗಿ ಕಂಪನಿಗಳ (ಕಾಂಟ್ರ್ಯಾಕ್ಟರ್) ನೌಕರರಿಗೂ ಪ್ರಯಾಣದ ಈ ವರದಿ 2022ರ ಆಗಸ್ಟ್‌ನಿಂದ ಕಡ್ಡಾಯ. ಸಾವು-ನೋವಿನ ತುರ್ತಿಗೆ ನಿಯಮದಲ್ಲೇ ಜಾಗವಿದೆ. ಹೊರಡುವ ಮುಂಚೆ ಮೇಲಧಿಕಾರಿಗೆ, ಸಾಧ್ಯವಾದರೆ ಸೆಕ್ಯುರಿಟಿ ಆಫೀಸರ್‌ಗೇ, ಬಾಯಿಮಾತಿನಲ್ಲಾದರೂ ತಿಳಿಸಿ. ವಾಪಸ್ ಬಂದು 5 ಕೆಲಸದ ದಿನದೊಳಗೆ ಪೂರ್ತಿ ವರದಿ ಕೊಡಿ. ಹೇಳಿದ್ದ ಕಾರ್ಯಕ್ರಮದಲ್ಲಿ ಬದಲಾವಣೆ ಆಗಿದ್ದರೂ, ಉದಾಹರಣೆಗೆ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬೇರೆ ದೇಶದ ಮೇಲೆ ಹಾದು ವಾಪಸ್ ಬಂದಿದ್ದರೂ, ಇದೇ ಗಡುವು.

ಶಿವಮೊಗ್ಗದ ಹುಡುಗಿ ಜೊತೆ ಮಾತುಕತೆ ನಡೀತಿದೆ. ಯಾವಾಗ ಹೇಳಬೇಕು, ನಿಶ್ಚಿತಾರ್ಥಕ್ಕಾ ಮದುವೆಗಾ?

ಅದಕ್ಕೂ ಮುಂಚೆ. ಜಾತಕ ಬದಲಾಯಿಸಿಕೊಂಡಾಗ ಬೇಡ, ಇಬ್ಬರೂ ದಿನಾ ಮಾತಾಡಲು ಶುರುಮಾಡಿ ಮನಸ್ಸು ಕೂಡಿದಾಗ ಅದು ವರದಿ ಮಾಡಬೇಕಾದ ವಿದೇಶಿ ಸಂಬಂಧ. ಮದುವೆಯಾದರೆ ಅವರ ಅಪ್ಪ-ಅಮ್ಮನ ಜೊತೆಗೂ ನಿಮಗೆ ಪ್ರೀತಿ-ಋಣದ ಬಂಧವಿದೆ ಎಂದೇ ಮೊದಲು ಅಂದುಕೊಳ್ಳುತ್ತಾರೆ. ಇಲ್ಲ ಅನ್ನುವುದಾದರೆ ಅದನ್ನು ನೀವು ತೋರಿಸಬೇಕು. ಟಾಪ್ ಸೀಕ್ರೆಟ್ ಹಂತದವರಾದರೆ, ಪೌರರಲ್ಲದವರು ನಿಮ್ಮ ಮನೆಯಲ್ಲಿ 30 ದಿನಕ್ಕಿಂತ ಹೆಚ್ಚು ಜೊತೆಯಾಗಿ ವಾಸವಿದ್ದರೆ ಅದನ್ನೂ ತಿಳಿಸಬೇಕು. ಬಾಣಂತನಕ್ಕೆ ಬಂದು ಆರು ತಿಂಗಳು ಇರುವ ಅತ್ತೆಯ ವಿಷಯವನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಐದು ವರ್ಷಕ್ಕೊಮ್ಮೆ ತಾನೇ ಮತ್ತೆ ನೋಡೋದು? ಅಲ್ಲಿ ತನಕ ಸುಮ್ನಿರಬಹುದಲ್ವಾ?

ಆ ಕಾಲ ಹೋಯಿತು. ಟಾಪ್ ಸೀಕ್ರೆಟ್‌ಗೆ 5, ಸೀಕ್ರೆಟ್‌ಗೆ 10 ವರ್ಷಕ್ಕೊಮ್ಮೆ ಇದ್ದ ಮರುತನಿಖೆಯ ಬದಲು ಈಗ ನಿರಂತರ ಪರಿಶೀಲನೆ ಬಂದಿದೆ. ದಾಖಲೆಗಳನ್ನು ಕಂಪ್ಯೂಟರ್ ನೋಡುತ್ತಲೇ ಇರುತ್ತದೆ.

## ನೋಟಿಸ್ ಬಂದಾಗ

‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಅಂತ ಬಂದಿದೆ. ಕೆಲಸ ಹೋಯ್ತು ಅಂತಾನಾ?

ಇನ್ನೂ ಇಲ್ಲ. ಯಾಕೆ ಅನುಮಾನ ಅಂತ ಒಂದೊಂದೇ ಅಂಶ ಬರೆದ ಪತ್ರ ಅದು. ಕಾಂಟ್ರ್ಯಾಕ್ಟರ್ ನೌಕರರಿಗೆ ಉತ್ತರಿಸಲು 20 ದಿನ. ಪ್ರತಿ ಅಂಶಕ್ಕೂ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಎಂದು ಬರೆಯಬೇಕು. ವಿಚಾರಣೆ ಬೇಕೋ, ಕಾಗದಪತ್ರದ ಮೇಲೇ ತೀರ್ಮಾನ ಸಾಕೋ ಎಂದೂ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ವಿಚಾರಣೆಯನ್ನೇ ಕೇಳಿ. ವಿದೇಶಿ ಬಂಧುಗಳ ಪ್ರಕರಣದಲ್ಲಿ ನ್ಯಾಯಾಧೀಶರು ತೂಗುವುದು ನಿಮ್ಮನ್ನು. ಕಾಗದದ ಮೇಲೆ ಕಾಣುವುದು ಬರೀ ‘ಭಾರತದಲ್ಲಿ ನಾಲ್ವರು ಬಂಧುಗಳು’. ಎದುರಿಗೆ ಕೂತರೆ ಇಷ್ಟು ವರ್ಷ ಇಲ್ಲಿ ಬದುಕಿದ ಮನುಷ್ಯ ಕಾಣುತ್ತಾನೆ.

ವಿಚಾರಣೆಗೆ ಏನೇನು ತಗೊಂಡು ಹೋಗಬೇಕು?

ಬರೀ ‘ನಾನು ನಿಷ್ಠಾವಂತ’ ಎಂಬ ಮಾತು ಸಾಲದು. ಪ್ರತಿ ಬಂಧುವಿನ ವಯಸ್ಸು, ಕೆಲಸ, ಊರು, ಸಂಪರ್ಕ ಎಷ್ಟು ಎಂಬ ಒಂದು ಪುಟದ ಪಟ್ಟಿ, ಇಲ್ಲಿನ ಮತ್ತು ಅಲ್ಲಿನ ಆಸ್ತಿಯ ಲೆಕ್ಕ, ತೆರಿಗೆ ರಿಟರ್ನ್, ಎಫ್‌ಬಿಎಆರ್ ಪ್ರತಿ, ಪಾಸ್‌ಪೋರ್ಟ್ ಸರೆಂಡರ್ ಪತ್ರ ಇವು ಬೇಕು. ನಿಮ್ಮನ್ನು ವರ್ಷಗಟ್ಟಲೆ ಬಲ್ಲ ಮೇಲಧಿಕಾರಿ, ನೆರೆಯವರು, ಮಕ್ಕಳ ಶಾಲೆಯವರ ಪತ್ರಗಳು ಕೆಲಸಕ್ಕೆ ಬರುತ್ತವೆ. ಪಹಣಿ ಕನ್ನಡದಲ್ಲಿರುತ್ತದೆ, ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿಡಿ. ಎಲ್ಲವನ್ನೂ ಈ ಹಂತದಲ್ಲೇ ಕೊಡಿ. ಮೇಲ್ಮನವಿ ಮಂಡಳಿ ಹೊಸ ಸಾಕ್ಷ್ಯವನ್ನು ಮುಟ್ಟುವುದಿಲ್ಲ.

ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು 1988ರ ಈಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅನುಮಾನ ಉಳಿದರೆ ತೀರ್ಪು ದೇಶದ ಭದ್ರತೆಯ ಕಡೆಗೇ. ಹಾಗಾಗಿ ಆರೋಪ ಸಾಬೀತಾಗಲಿ ನೋಡೋಣ ಎಂದು ಕೈಕಟ್ಟಿ ಕೂತರೆ ಸೋಲುವುದು ನೀವೇ.

ಕೊಡಲ್ಲ ಅಂದುಬಿಟ್ರೆ? ಜೀವಮಾನಕ್ಕೆ ಮುಗೀತಾ?

ಇಲ್ಲ. ಕಾಂಟ್ರ್ಯಾಕ್ಟರ್ ನೌಕರರು ತೀರ್ಪಿನ ತಾರೀಕಿನಿಂದ 15 ದಿನದೊಳಗೆ ಮೇಲ್ಮನವಿಯ ನೋಟಿಸ್ ಕೊಡಬಹುದು. ಅದೂ ಆಗದಿದ್ದರೆ ಒಂದು ವರ್ಷದ ನಂತರ, ನಿಮ್ಮನ್ನು ಮುಂದಿಡುವ ಕಂಪನಿ ಇದ್ದರೆ, ಮತ್ತೆ ಪ್ರಯತ್ನಿಸಬಹುದು. ಬಿ ಕಾರಣಕ್ಕೆ ನಿಂತುಹೋದವರಿಗೆ ಆ ಹೊತ್ತಿಗೆ ಪರಿಸ್ಥಿತಿ ಬದಲಾಗಿರುವುದುಂಟು. ಅಮ್ಮ ಇಲ್ಲಿಗೆ ಬಂದು ನೆಲೆಸಿರುತ್ತಾರೆ, ಅಣ್ಣ ನಿವೃತ್ತನಾಗಿರುತ್ತಾನೆ, ಜಮೀನು ಮಾರಿಹೋಗಿರುತ್ತದೆ. ಇ ಕಾರಣಕ್ಕೆ ನಿಂತವರಿಗೆ ದಾರಿ ಉದ್ದ. ಹೊಸ ಫಾರಂನಲ್ಲಿ ಹಿಂದೆ ಕ್ಲಿಯರೆನ್ಸ್ ನಿರಾಕರಿಸಿದ್ದಾರೆಯೇ ಎಂಬ ಪ್ರಶ್ನೆಯೂ ಇರುತ್ತದೆ, ಅದಕ್ಕೆ ‘ಹೌದು’ ಎಂದೇ ಬರೆಯಬೇಕು.